ಗುರು ಅಂದರೆ ಎರಡಲ್ಲ, ಹತ್ತು

ಕನ್ನಡದಲ್ಲಿ ಫೇಲಾದವನು ನಾನು. ಇಂಗ್ಲಿಷಿನಲ್ಲೋ ಗಣಿತದಲ್ಲೋ ಫೇಲಾದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಕನ್ನಡದಲ್ಲಿ ಫೇಲಾದರೆ ನಗುತ್ತಾರೆ. ನಗಲಿ. ಎಸ್ಸೆಸ್ಸೆಲ್ಸಿ ಒಂದೇ ಸಲ ಬರೆದೆ, ಮತ್ತೆ ಕಟ್ಟಲಿಲ್ಲ. ಆ ಪೇಪರಿನಲ್ಲಿ ಧೈರ್ಯವಾಗಿ ಬರೆದಿದ್ದು ಒಂದೇ ಪ್ರಶ್ನೆಗೆ ಉತ್ತರ: ಪ್ರಸ್ತಾರ ಹಾಕುವುದು. ಅದಕ್ಕೆ ಪದ್ಯದ ಅರ್ಥ ಗೊತ್ತಿರಬೇಕಾಗಿಲ್ಲ. ಎಳೆದು ಹೇಳುವ ಅಕ್ಷರದ ಮೇಲೆ ಅಡ್ಡಗೆರೆ, ಅದು ಗುರು, ಎರಡು ಮಾತ್ರೆ. ಗಿಡ್ಡ ಅಕ್ಷರದ ಮೇಲೆ ಬಟ್ಟಲಿನಂಥ ಗುರುತು, ಅದು ಲಘು, ಒಂದು ಮಾತ್ರೆ. ಕೂಡಿದರೆ ಲೆಕ್ಕ ಬರಬೇಕು. ಅಷ್ಟೇ. ಉಳಿದ ಪಾಠದಲ್ಲೆಲ್ಲ ಚಂದಿರ, ತಂಗಾಳಿ, ಹಕ್ಕಿ. ನನಗೆ ಅವು ಬೇಡವಾಗಿದ್ದವು.

ಆ ಗೆರೆ, ಆ ಬಟ್ಟಲು ನನ್ನ ಕೆಲಸಕ್ಕೆ ಬಂದಿದ್ದು ಎಷ್ಟೋ ವರ್ಷ ಆದಮೇಲೆ, ಗೋವಿಂದರಾಜನಗರದ ನನ್ನ ಶೆಡ್ಡಿನಲ್ಲಿ.

ಶೆಡ್ಡು ಅಂದರೆ ಮೇಲೆ ಶೀಟು, ಮೂರು ಕಡೆ ಗೋಡೆ. ಎರಡು ಗಾಡಿ ನಿಲ್ಲಿಸಿದರೆ ಮೂರನೆಯದು ರಸ್ತೆಯಲ್ಲಿ. ಆಗ ದೊಡ್ಡ ಸರ್ವೀಸ್ ಸೆಂಟರುಗಳಿಗೆ ಲ್ಯಾಪ್‌ಟಾಪ್ ಬಂದಿತ್ತು. ಗಾಡಿಗೆ ವೈರ್ ಚುಚ್ಚಿದರೆ ಪರದೆ ಮೇಲೆ ರೋಗದ ಹೆಸರು ಬರುತ್ತಿತ್ತು. ನನ್ನ ಹತ್ತಿರ ಬೈಂಡಿಂಗ್ ವೈರ್ ಇತ್ತು. ಹಳೆಯ ಜಪಾನ್ ಗಾಡಿಗಳಿಗೆ ಅದು ಸಾಕು. ಡ್ಯಾಶ್‌ಬೋರ್ಡಿನ ಕೆಳಗೆ ಎಡಗಡೆ ಎರಡು ತೂತಿನ ಒಂದು ಪ್ಲಗ್ಗು ಇರುತ್ತದೆ. ಎರಡು ತೂತಿಗೂ ಒಂದೇ ವೈರನ್ನು ಬಗ್ಗಿಸಿ ಚುಚ್ಚಿ ಕೀ ತಿರುಗಿಸಿದರೆ, ಮೀಟರಿನ ದೀಪ ಕಣ್ಣು ಮಿಟುಕಿಸಿ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತದೆ. ಎಷ್ಟು ಮಿಟುಕಿಸಿತು ಎಣಿಸಬೇಕು. ಆ ಸಂಖ್ಯೆ ಚಾರ್ಟಿನಲ್ಲಿ ಹುಡುಕಬೇಕು. ದುಬೈಯಲ್ಲಿ ಕೆಲಸ ಮಾಡಿ ಬಂದ ಒಬ್ಬ ಹಳೇ ಮೇಸ್ತ್ರಿ ಕೊಟ್ಟ ಜೆರಾಕ್ಸ್ ಚಾರ್ಟು ಅದು, ಇಂಗ್ಲಿಷಿನದು. ಅವನು ಬಾಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಮಾಗಡಿ ರೋಡ್ ಕಡೆಯಿಂದ ನಾಲ್ಕು ಜನ ಒಂದು ಬಿಳಿ ಕಾರನ್ನು ತಳ್ಳಿಕೊಂಡು ಬಂದರು. ಸ್ಟೀರಿಂಗ್ ಹಿಡಿದು ಕೂತಿದ್ದವರು ಒಬ್ಬ ಮೇಡಂ, ಐವತ್ತರ ಹತ್ತಿರ ಇರಬೇಕು. ತಳ್ಳಿಸಿಕೊಂಡು ಬರುವವರ ಮುಖದಲ್ಲಿ ಒಂದು ಸಂಕೋಚ ಇರುತ್ತದೆ. ಇವರ ಮುಖದಲ್ಲಿ ಸಿಟ್ಟು ಇತ್ತು.

“ಆಟೋಮ್ಯಾಟಿಕ್ ಮಾಡ್ತೀಯೇನಪ್ಪಾ?” ಅಂತ ಕೂತಲ್ಲಿಂದಲೇ ಕೇಳಿದರು.

ಆಗ ನಮ್ಮ ಕಡೆ ಆಟೋಮ್ಯಾಟಿಕ್ ಗಾಡಿ ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಅಂತ ನನಗೂ ಎಲ್ಲರೂ ಹೇಳಿದ್ದರು.

“ಮಾಡ್ತೀನಿ,” ಅಂದೆ. ಅಲ್ಲಿಯವರೆಗೆ ಎರಡು ಮಾಡಿದ್ದೆ.

ಅವರು ಇಳಿದಾಗ ಗೊತ್ತಾಯಿತು. ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಸೀರೆಯ ಅಂಚಿನ ಕೆಳಗೆ ಕಬ್ಬಿಣದ ಪಟ್ಟಿ ಕಾಣುತ್ತಿತ್ತು. ಕೋಲು ಊರಿಕೊಂಡು ನಿಂತರು. ಮನೆ ಬಸವೇಶ್ವರನಗರ, ಕೆಲಸ ಕೆಂಗೇರಿಯ ಹೈಸ್ಕೂಲಿನಲ್ಲಿ. ಕ್ಲಚ್ ಒತ್ತುವ ಕಾಲು ಇಲ್ಲ, ಆದ್ದರಿಂದ ಕ್ಲಚ್ ಇಲ್ಲದ ಗಾಡಿ.

“ಇಪ್ಪತ್ತು ವರ್ಷ ಬಸ್ಸಲ್ಲಿ ಹೋಗಿದೀನಿ. ಹತ್ತುವಾಗ ಒಬ್ಬ ಕೈ ಹಿಡ್ಯೋನು, ಇಳಿಯುವಾಗ ಇನ್ನೊಬ್ಬ ಅಯ್ಯೋ ಅನ್ನೋನು. ಈ ಗಾಡಿ ಬಂದ್ಮೇಲೆ ಆರು ವರ್ಷದಿಂದ ಯಾರ ಕೈಯೂ ಹಿಡ್ದಿಲ್ಲ,” ಅಂದರು.

ಗೇರ್ ಬೀಳುವಾಗ ಯಾರೋ ಹಿಂದಿನಿಂದ ಒದ್ದ ಹಾಗೆ ಆಗುತ್ತದೆ, ಗಾಡಿ ಬಿಸಿಯಾದ ಮೇಲೆ ಮೀಟರಿನಲ್ಲಿ ಡ್ರೈವ್ ಗೇರಿನ ಹಸಿರು ‘ಡಿ’ ದೀಪ ಮಿಟುಕಿಸುತ್ತದೆ, ಇವತ್ತು ಸಿಗ್ನಲ್ಲಿನಲ್ಲಿ ನಿಂತಿದ್ದು ಮುಂದೆ ಹೋಗಲೇ ಇಲ್ಲ. ಅವರು ಹೇಳಿದ್ದು ಇಷ್ಟು. ಅವರ ತಮ್ಮ ಆಗಲೇ ಒಂದು ದೊಡ್ಡ ಸರ್ವೀಸ್ ಸೆಂಟರಿನವನನ್ನು ಕರೆಸಿ ತೋರಿಸಿದ್ದನಂತೆ. ಅವನ ಲ್ಯಾಪ್‌ಟಾಪಿನ ಪ್ಲಗ್ಗು ಈ ಹಳೇ ಗಾಡಿಗೆ ಕೂರಲೇ ಇಲ್ಲವಂತೆ. ಆದರೂ ಗೇರ್ ಬಾಕ್ಸೇ ಹೋಗಿದೆ, ಈ ಗಾಡಿಯದು ಇಲ್ಲಿ ಸಿಗಲ್ಲ, ಗುಜರಿಗೆ ಹಾಕಿ ಅಂದುಬಿಟ್ಟನಂತೆ. ತಮ್ಮ ಮೈಸೂರು ರೋಡಿನ ಒಬ್ಬ ಗುಜರಿಯವನನ್ನು ಭಾನುವಾರ ಬರಹೇಳಿದ್ದಾನೆ.

“ಗೇರ್ ಬಾಕ್ಸ್ ಅಲ್ಲ ಅಂತ ನೀನು ಹೇಳಿದ್ರೆ ಗಾಡಿ ಉಳಿಯತ್ತೆ. ಹೌದು ಅಂದ್ರೆ ನಾನೂ ಒಪ್ಕೊಳ್ಳಲೇಬೇಕು. ಸುಳ್ಳು ಮಾತ್ರ ಹೇಳ್ಬೇಡ.”

“ನಂಗೆ ಸುಳ್ಳು ಹೇಳೋಕೆ ಟೈಮಿಲ್ಲ ಮೇಡಂ.”

ಅವರು ಆಟೋ ಹತ್ತಿ ಹೋದರು. ಹತ್ತುವಾಗ ಆಟೋದವನು ಕೈ ಹಿಡಿಯಲು ಬಂದ. ಕೋಲಿನಿಂದ ಅವನ ಕೈ ಸರಿಸಿದರು.

ವೈರ್ ಚುಚ್ಚಿ ಕೀ ತಿರುಗಿಸಿದೆ. ದೀಪ ಹತ್ತಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ಆರಿತು. ಆಮೇಲೆ ಪಟಪಟ ಐದು ಸಲ. ನಿಲುಗಡೆ. ಮತ್ತೆ ಒಂದು ಉದ್ದ, ಐದು ಗಿಡ್ಡ. ಇಷ್ಟು ದಿನ ನಾನು ನೋಡಿದ್ದೆಲ್ಲ ಗಿಡ್ಡವೇ. ಎರಡು, ನಾಲ್ಕು, ಎಂಟು, ಎಣಿಸಿದರೆ ಮುಗಿಯಿತು. ಉದ್ದದ್ದು ಇದೇ ಮೊದಲು. ಮರೆಯಬಾರದು ಅಂತ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆದುಕೊಂಡೆ. ಹೇಗೆ ಬರೆಯಲಿ ಅಂತ ಯೋಚನೆ ಮಾಡಲಿಲ್ಲ, ಕೈಗೆ ಗೊತ್ತಿತ್ತು. ಒಂದು ಅಡ್ಡಗೆರೆ, ಮುಂದೆ ಐದು ಬಟ್ಟಲು.

ಗುರು ಎರಡು, ಲಘು ಐದು. ಏಳು.

ಚಾರ್ಟಿನಲ್ಲಿ ಏಳರ ಪಕ್ಕ ನನ್ನದೇ ಅಕ್ಷರ: ‘ಗೇರ್ ಬಾಕ್ಸಿನ ವಾಲ್ವು’. ಅದು ಹೋಗಿದ್ದರೆ ಬಾಕ್ಸು ಬಿಚ್ಚಲೇಬೇಕು, ಬಿಚ್ಚಿದರೆ ಒಳಗಿನ ಸಾಮಾನು ನಮ್ಮೂರಲ್ಲಿ ಸಿಗುವುದಿಲ್ಲ. ಲ್ಯಾಪ್‌ಟಾಪಿನವನು ಹೇಳಿದ್ದೇ ಸರಿ ಆಯಿತು. ನನಗೆ ಮೈ ಉರಿಯಿತು. ಆದರೂ ಸಂಜೆ ಮೇಡಂಗೆ ಫೋನ್ ಮಾಡಿ ಹೇಳಿದೆ.

“ಮೇಡಂ, ಗೇರ್ ಬಾಕ್ಸೇ.”

“ಸರಿ. ನಾಳೆ ಮಧ್ಯಾಹ್ನ ಸ್ಕೂಲ್ ಬಿಟ್ಮೇಲೆ ಬಂದು ಗಾಡೀಲಿರೋ ಸಾಮಾನು ತಗೊಂಡು ಹೋಗ್ತೀನಿ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಬಂದರು. ಹಿಂದಿನ ಸೀಟಿನಿಂದ ಒಂದು ದಿಂಬು, ಒಂದು ಛತ್ರಿ, ಹಗ್ಗ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು ತೆಗೆದರು. ಕಟ್ಟನ್ನು ನಾನು ಎತ್ತಿಕೊಂಡೆ. ಆಟೋ ಕಡೆ ತಿರುಗಿದವರು ಗೋಡೆ ನೋಡಿ ನಿಂತುಬಿಟ್ಟರು.

“ಇಲ್ಲಿ ಪ್ರಸ್ತಾರ ಹಾಕಿರೋರು ಯಾರು?”

“ನಾನೇ. ಕನ್ನಡದಲ್ಲಿ ಫೇಲು, ಇದೊಂದು ಬರತ್ತೆ.”

“ನೀನಾ? ನಾನು ಕನ್ನಡ ಮೇಡಂ ಕಣಪ್ಪಾ. ಇಪ್ಪತ್ತಾರು ವರ್ಷದಿಂದ ಇದನ್ನೇ ತಿದ್ತಾ ಇದೀನಿ.” ಕೋಲು ಎತ್ತಿ ಗುರುತುಗಳನ್ನು ಮುಟ್ಟಿದರು. “ಗುರು, ಲಘು ಮೂರು. ಆಮೇಲೆ ನಾಲ್ಕು ಲಘು, ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿ ನಡಿಗೆ ಸರಿಯಾಗಿದೆ. ಯಾವ ಪದ್ಯ?”

“ಪದ್ಯ ಅಲ್ಲ ಮೇಡಂ. ನಿಮ್ಮ ಗೇರ್ ಬಾಕ್ಸು.”

ಎಲ್ಲ ಹೇಳಿದೆ. ವೈರು, ದೀಪ, ಉದ್ದ, ಗಿಡ್ಡ, ಏಳು. ಅವರು ನಗಲು ಶುರು ಮಾಡಿದರು. ನಾನು ಉತ್ತರಪತ್ರಿಕೆಗಳನ್ನು ಹಿಡಿದುಕೊಂಡು ನಿಂತಿದ್ದೆ.

“ಅದ್ಯಾಕೆ ನಗ್ತೀರಾ? ಗುರು ಎರಡಲ್ವಾ?”

“ಕನ್ನಡದಲ್ಲಿ ಎರಡು. ನಿನ್ನ ಗಾಡಿಗೆ ಕನ್ನಡ ಬರತ್ತಾ?”

ಸಿಟ್ಟು ಬಂತು. “ಮತ್ತೆ ನೀವೇ ಹೇಳಿ, ಉದ್ದದ್ದು ಎಷ್ಟು?”

“ನನಗೇನು ಗೊತ್ತು? ನಾನು ಗಾಡಿ ಓಡಿಸೋಳು. ಆದ್ರೆ ಒಂದು ಹೇಳ್ತೀನಿ. ಏಳು ಮಾತ್ರೆನ ಒಂದೇ ಥರ ಬರೀಬೇಕು ಅಂತೇನಿಲ್ಲ. ಎಷ್ಟೋ ಥರ ಬರೀಬಹುದು. ಕವಿಗಳಿಗೆ ಅದೇ ಅನುಕೂಲ.”

ನನಗೆ ಕವಿಗಳ ಅನುಕೂಲ ಕಟ್ಟಿಕೊಂಡು ಏನಾಗಬೇಕು? ಆದರೂ ಮಾತು ಒಳಗೆ ಚುಚ್ಚಿತು. ಕಟ್ಟನ್ನು ಬಾನೆಟ್ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಏಳು ಬೇಡ, ಮೂರೇ ಸಾಕು. ಲಘು ಲಘು ಲಘು, ಮೂರು. ಗುರು ಲಘು, ಮೂರು. ಲಘು ಗುರು, ಅದೂ ಮೂರು. ಒಂದೇ ಮೂರಕ್ಕೆ ಮೂರು ವೇಷ. ನಾಲ್ಕಕ್ಕೆ ಐದು ಬಂತು. ಅಲ್ಲಿಗೆ ಸುಣ್ಣ ಬಿಸಾಕಿದೆ.

“ಇದು ಆಗಲ್ಲ ಮೇಡಂ. ಒಂದು ರೋಗಕ್ಕೆ ಐದು ಹೆಸರಿಟ್ರೆ ಯಾವ ಮೆಕ್ಯಾನಿಕ್ ಗಾಡಿ ರಿಪೇರಿ ಮಾಡ್ತಾನೆ? ಜಪಾನಿನೋರಿಗೆ ತಲೆ ಕೆಟ್ಟಿದ್ಯಾ? ಏಳು ಹೇಳ್ಬೇಕಿದ್ರೆ ಗಾಡಿ ಏಳು ಸಲ ಮಿಟುಕಿಸಿ ಸುಮ್ನಿರ್ತಿತ್ತು. ಉದ್ದದ್ದು ಯಾಕೆ ಬೇಕಿತ್ತು?”

“ಅದನ್ನೇ ನಾನೂ ಹೇಳಿದ್ದು.”

“ಹಂಗಾದ್ರೆ ನಾನು ನಿಮಗೆ ತಪ್ಪು ಹೇಳಿದೀನಿ.”

“ಇನ್ನೂ ಗೊತ್ತಿಲ್ಲ. ತೋರಿಸು.”

ನನ್ನದೊಂದು ಪದ್ಧತಿ ಇದೆ. ಎಲ್ಲಿ ಕೆಟ್ಟಿದೆ ಅಂತ ತಿಳಿಯದಿದ್ದರೆ, ಚೆನ್ನಾಗಿರುವ ಒಂದನ್ನು ನಾನೇ ಬೇಕಂತ ಕೆಡಿಸಿ ನೋಡುತ್ತೇನೆ. ಬೇರೆ ಮೆಕ್ಯಾನಿಕ್‌ಗಳು ನಗುತ್ತಿದ್ದರು. ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಳೇ ಕೋಡು, ಅಂದರೆ ಗಾಡಿ ನೆನಪಿಟ್ಟುಕೊಂಡಿದ್ದ ಸಂಖ್ಯೆ, ಅಳಿಸಿದೆ. ಗೇರ್ ಬಾಕ್ಸಿನ ವಾಲ್ವುಗಳಿಗೆ ಹೋಗುವ ಪ್ಲಗ್ಗನ್ನು ಹೊರಗಿನಿಂದಲೇ ಕಿತ್ತೆ. ಈಗ ಗಾಡಿ ಏಳು ಅಂತ ಹೇಳಲೇಬೇಕು. ಹೇಗೆ ಹೇಳುತ್ತದೆ ನೋಡೋಣ.

“ಮೇಡಂ, ನೀವು ಓಡಿಸಿ. ಬಿಸಿಯಾಗೋವರೆಗೂ ಈ ರಸ್ತೇಲೇ ಹೋಗಿ ಬಂದು ಮಾಡಿ.”

“ನೆಟ್ಟಗಿದ್ದಿದ್ದನ್ನೂ ಕೆಡಿಸಿ ನನ್ನ ಕೈಗೆ ಕೊಡ್ತಾ ಇದೀಯಾ?”

“ಹೂಂ.”

ಓಡಿಸಿದರು. ನಿನ್ನೆಯಿಂದ ತಣ್ಣಗಿದ್ದ ಗಾಡಿ ಎತ್ತಿನಗಾಡಿ ಥರ ತೆವಳಿ ಹೋಗಿ ಬಂದು ಮಾಡಿತು, ಬಿಸಿಯಾದ ಮೇಲೆ ದೀಪ ಮಿಟುಕಿಸಿತು. ನಾನು ಪಕ್ಕದ ಸೀಟಿನ ಮುಂದೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ವೈರ್ ಚುಚ್ಚಿದೆ. ಅಲ್ಲಿಂದ ನನಗೆ ಮೀಟರ್ ಕಾಣುವುದಿಲ್ಲ. ಮೇಡಂ ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳುತ್ತಾ ಹೋದರು.

“ಲಘು. ಲಘು. ಲಘು. ಲಘು. ಲಘು. ಲಘು. ಲಘು. ನಿಲ್ತು. ಏಳು ಕಣಪ್ಪಾ. ಒಂದೂ ಗುರು ಇಲ್ಲ. ತಾಳು, ಮತ್ತೆ ಬಂತು. ಈ ಸಲ ಎಂಟು ಲಘು. ನಿಲ್ತು. ಈಗ ಗುರು! ಗುರು, ಐದು ಲಘು.”

ತಲೆ ಎತ್ತುವಾಗ ಡ್ಯಾಶ್‌ಬೋರ್ಡಿಗೆ ಹೊಡೆದುಕೊಂಡೆ. ಏಳೂ ಎಂಟೂ ನಾನು ಕಿತ್ತ ಪ್ಲಗ್ಗಿನ ಎರಡು ವಾಲ್ವು. ಎರಡೂ ಗಿಡ್ಡ. ಉದ್ದದ್ದು ಮೊದಲಿಂದ ಇದ್ದ ರೋಗ, ಅದು ಬೇರೆ. ಹಾಗಾದರೆ ಉದ್ದದ್ದು ಎಷ್ಟು? ಚಾರ್ಟಿನಲ್ಲಿ ಒಂಬತ್ತಾದ ಮೇಲೆ ಎರಡಂಕಿ ಶುರು. ಹದಿನೈದು ಸಲ ಮಿಟುಕಿಸಿದರೆ ಯಾವನಿಗೆ ಎಣಿಸುವ ತಾಳ್ಮೆ ಇರುತ್ತದೆ? ನನಗಂತೂ ಇಲ್ಲ. ಒಂದನೇ ಕ್ಲಾಸಿನಲ್ಲಿ ಹತ್ತು ಕಡ್ಡಿ ಸೇರಿಸಿ ಒಂದು ಕಟ್ಟು ಮಾಡಿಸುತ್ತಿದ್ದರು. ಉದ್ದದ್ದು ಆ ಕಟ್ಟು.

“ಹತ್ತು ಮೇಡಂ! ಹತ್ತೂ ಐದು ಹದಿನೈದು!”

ಹದಿನೈದರ ಪಕ್ಕ ಬರೆದುಕೊಂಡಿದ್ದೆ: ‘ಸ್ಪೀಡ್ ಸೆನ್ಸರ್, ಒಳಗಿನ ಶಾಫ್ಟು’. ಗೇರ್ ಬಾಕ್ಸಿನೊಳಗೆ ಶಾಫ್ಟು ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಹೇಳುವ ಸಾಮಾನು, ಹೆಬ್ಬೆರಳಿನಷ್ಟು. ಅದು ಹೇಳದಿದ್ದರೆ ಕಂಪ್ಯೂಟರು ಕುರುಡಾಗಿ ಗೇರ್ ಹಾಕುತ್ತದೆ, ಅದೇ ಒದೆತ. ಬಾಕ್ಸು ಬಿಚ್ಚಬೇಕಾಗಿಲ್ಲ. ಸೆನ್ಸರು ಹೊರಗಡೆಯೇ ಒಂದು ಬೋಲ್ಟಿನಲ್ಲಿ ಕೂತಿರುತ್ತದೆ.

ಬಿಚ್ಚಿದೆ. ಸೆನ್ಸರು ನೆಟ್ಟಗಿತ್ತು. ಅದರ ವೈರಿನ ಪ್ಲಗ್ಗು ಬಿಡಿಸಿದರೆ ಒಳಗಿನ ಪಿನ್ನು ಹಸಿರು, ಹಳೇ ತಾಮ್ರದ ಚೊಂಬಿನ ಥರ ಕಿಲುಬು. ಒಂದು ವೈರು ಕೊಳೆತು ಎಳೆಯಷ್ಟೇ ಹಿಡಿದುಕೊಂಡಿತ್ತು. ತಣ್ಣಗಿದ್ದಾಗ ಮುಟ್ಟುತ್ತದೆ, ಬಿಸಿಯಾದರೆ ಬಿಡುತ್ತದೆ.

“ನೀರು ಯಾವಾಗ ಹೊಡೆಸಿದ್ರಿ?”

“ಆಯುಧಪೂಜೆಗೆ. ನನ್ನ ತಮ್ಮನೇ ತಗೊಂಡು ಹೋಗಿ ಒಳಗೆ ಹೊರಗೆ ಎಲ್ಲಾ ಪ್ರೆಶರಲ್ಲಿ ತೊಳೆಸಿಕೊಂಡು ಬಂದ. ಎಂಜಿನ್ನು ಕನ್ನಡಿ ಥರ ಹೊಳೀತಿದೆ ನೋಡು ಅಕ್ಕ ಅಂದ.”

“ಪೂಜೆ ಚೆನ್ನಾಗಿ ಆಗಿದೆ,” ಅಂದೆ.

ಕೊಳೆತಷ್ಟು ಕತ್ತರಿಸಿ, ಹೊಸ ವೈರು ಬೆಸುಗೆ ಹಾಕಿ, ಬೇರೆ ಪ್ಲಗ್ಗು ಕೂರಿಸಿದೆ. ವಾಲ್ವಿನ ಪ್ಲಗ್ಗನ್ನೂ ಹಾಕಿದೆ. ಕೋಡು ಅಳಿಸಿದೆ. ಅಷ್ಟರಲ್ಲಿ ಸಂಜೆ ಆಯಿತು. ಬಿಸಿಯಾದ ಮೇಲೆ ಏನಾಗುತ್ತದೆ ಅಂತ ನೋಡುವುದು ಬಾಕಿ ಇತ್ತು. ಮೇಡಂ ಅಂದರು, “ನಾಳೆ ನನ್ನ ತಮ್ಮ ಗುಜರಿಯವನನ್ನ ಇಲ್ಲಿಗೇ ಕರ್ಕೊಂಡು ಬರ್ತಾನಲ್ಲ. ಆ ಲ್ಯಾಪ್‌ಟಾಪಿನವನನ್ನೂ ಕರೆಸ್ತೀನಿ. ಅವರ ಮುಂದೇನೇ ಬಿಸಿ ಮಾಡೋಣ.”

“ಕೆಟ್ಟರೆ?”

“ಕೆಟ್ಟರೆ ಅವರ ಮುಂದೇನೇ ಕೆಡಲಿ. ಕದ್ದು ಮುಚ್ಚಿ ಓಡಿಸಿ ನೋಡೋಕೆ ನಾನೇನು ಕಳ್ಳೀನಾ?”

ಭಾನುವಾರ ಬೆಳಿಗ್ಗೆ ಮೂರು ಜನ ಬಂದರು. ತಮ್ಮ, ಹಣೆಯ ಮೇಲೆ ವಿಭೂತಿ, ಜೇಬಲ್ಲಿ ಎರಡು ಮೊಬೈಲು. ಲ್ಯಾಪ್‌ಟಾಪಿನವನು, ಇಸ್ತ್ರಿ ಮಾಡಿದ ಶರ್ಟು. ಗುಜರಿಯವನು, ಬಂದವನೇ ಟೈರು ಒದ್ದು ನೋಡಿದ. ಮೇಡಂ ಆಗಲೇ ಸ್ಟೀರಿಂಗ್ ಮುಂದೆ ಕೂತಿದ್ದರು.

“ಮೊನ್ನೆ ಗೇರ್ ಬಾಕ್ಸು ಅಂದ್ಯಂತೆ, ಇವತ್ತು ವೈರು ಅಂತೀಯಂತೆ. ನಾಳೆ ಏನಂತೀಯಾ?” ಅಂದ ತಮ್ಮ.

“ಮೊನ್ನೆ ತಪ್ಪು ಹೇಳಿದ್ದೆ ಸಾರ್. ಇವತ್ತು ಸರಿ ಹೇಳ್ತಾ ಇದೀನಿ.”

“ಗುರು, ಯಾವ ಸ್ಕ್ಯಾನರ್ ಇಟ್ಟಿದೀಯಾ?” ಅಂತ ಇಸ್ತ್ರಿ ಶರ್ಟಿನವನು ಕೇಳಿದ.

“ಬೈಂಡಿಂಗ್ ವೈರು.”

ಅವನು ತಮ್ಮನ ಕಡೆ ನೋಡಿ ನಕ್ಕ. “ಸಾರ್, ಬೈಂಡಿಂಗ್ ವೈರಲ್ಲಿ ಗೇರ್ ಬಾಕ್ಸ್ ಚೆಕ್ ಮಾಡ್ತಾನಂತೆ.”

“ನಿಮ್ಮದು ಪ್ಲಗ್ಗೇ ಕೂರಲಿಲ್ಲವಂತಲ್ಲಾ? ನನ್ನದು ಕೂತಿದೆ,” ಅಂದೆ.

ತಮ್ಮ ಬಗ್ಗಿ ಕಿಟಕಿಯಲ್ಲಿ ಕೈ ಚಾಚಿದ. ಅವನು ಕೆಟ್ಟವನಲ್ಲ. ದನಿಯಲ್ಲಿ ಕಳಕಳಿ ಇತ್ತು. “ಅಕ್ಕ, ಹಟ ಮಾಡ್ಬೇಡ. ಮೈಸೂರ್ ರೋಡ್ ನಡುವೆ ಕೈ ಕೊಟ್ರೆ ಏನ್ಮಾಡ್ತೀಯಾ? ಲಾರಿಗಳು ಹೆಂಗೆ ಬರ್ತವೆ ಗೊತ್ತಲ್ಲ. ಒಂದು ಆಟೋ ಗೊತ್ತು ಮಾಡ್ಕೊಡ್ತೀನಿ, ದಿನಾ ಕರ್ಕೊಂಡು ಹೋಗಿ ಬರ್ತಾನೆ. ಕೀ ಕೊಡು.”

“ಹಿಂದೆ ಕೂತ್ಕೋ.”

“ಅಕ್ಕ...”

“ಹಿಂದೆ ಕೂತ್ಕೊಳೋ. ನೀವಿಬ್ರೂ ಹತ್ರಪ್ಪಾ. ಕೆಂಗೇರಿಗೆ ಹೋಗಿ ಬರೋಣ. ದಾರೀಲಿ ದೀಪ ಒಂದು ಸಲ ಮಿಟುಕಿಸ್ಲಿ, ಅಲ್ಲೇ ಇಳಿದು ಕೀ ಕೊಡ್ತೀನಿ.”

ಗುಜರಿಯವನು ಶೆಡ್ಡಿನಲ್ಲೇ ಟೀ ಕುಡಿಯುತ್ತಾ ಕೂತ. ನಾವು ಮೂವರು ಹತ್ತಿದೆವು. ನಾನು ಮುಂದೆ, ಅವರಿಬ್ಬರು ಹಿಂದೆ. ಹಿಂದಿನ ದಿನ ತೆಗೆದಿದ್ದ ದಿಂಬು, ಛತ್ರಿಯನ್ನು ಮೇಡಂ ಮತ್ತೆ ತಂದು ಗಾಡಿಯಲ್ಲಿಟ್ಟಿದ್ದರು. ತಮ್ಮ ಛತ್ರಿ ಮೇಲೆ ಕೂತು ಎದ್ದ.

ವಿಜಯನಗರ ದಾಟುವವರೆಗೆ ಏನೂ ಆಗಲಿಲ್ಲ. ಅದಕ್ಕೆ ಅರ್ಥವೂ ಇಲ್ಲ, ಗಾಡಿ ಇನ್ನೂ ತಣ್ಣಗಿತ್ತು. ನಾಯಂಡಹಳ್ಳಿಯಲ್ಲಿ ಟ್ರಾಫಿಕ್ಕು ಹಿಡಿಯಿತು. ಇಂಚು ಇಂಚು. ಬಿಸಿ ತೋರಿಸುವ ಮುಳ್ಳು ಮೇಲೇರಿ ನಡುವೆ ನಿಂತಿತು. ಹಿಂದಿನಿಂದ ತಮ್ಮನ ತಲೆ ಎರಡು ಸೀಟಿನ ನಡುವೆ ಬಂತು, ಕಣ್ಣು ‘ಡಿ’ ದೀಪದ ಮೇಲೆ. ನನ್ನ ಕಣ್ಣೂ ಅಲ್ಲೇ. ಮೇಡಂ ಒಬ್ಬರೇ ರಸ್ತೆ ನೋಡುತ್ತಿದ್ದರು. ನನ್ನ ಬೆಸುಗೆ ಬಿಟ್ಟರೆ ಇಲ್ಲೇ ಬಿಡಬೇಕು, ಈಗಲೇ.

ಟ್ರಾಫಿಕ್ಕು ಬಿಟ್ಟಿತು. ಮೇಡಂ ಬಲಗಾಲು ಒತ್ತಿದರು. ಒಂದು, ಎರಡು, ಮೂರು, ಗೇರುಗಳು ಬೆಣ್ಣೆಯ ಮೇಲೆ ಜಾರಿದ ಹಾಗೆ ಬಿದ್ದವು. ದೀಪ ಅಲುಗಾಡದೆ ಹಸಿರಾಗಿ ನಿಂತಿತ್ತು. ರಾಜರಾಜೇಶ್ವರಿನಗರದ ಆರ್ಚ್ ಬಂದಾಗ ಮೇಡಂ ಎಡಕ್ಕೆ ತೆಗೆದು ನಿಲ್ಲಿಸಿದರು.

“ನಿಮ್ಮ ಸರ್ವೀಸ್ ಸೆಂಟರ್ ಇಲ್ಲೇ ಹತ್ರ ಅಲ್ವೇನಪ್ಪಾ? ಇಳ್ಕೊಳ್ಳಿ. ಸುಮ್ನೆ ಯಾಕೆ ಕೆಂಗೇರಿವರೆಗೂ ಬಂದು ಟೈಮ್ ವೇಸ್ಟ್ ಮಾಡ್ಕೋತೀರಾ.”

ಇಸ್ತ್ರಿ ಶರ್ಟಿನವನು ತಮ್ಮನ ಮುಖ ನೋಡಿದ. ತಮ್ಮ ಕಿಟಕಿಯಾಚೆ ನೋಡುತ್ತಿದ್ದ. ಇಸ್ತ್ರಿ ಶರ್ಟಿನವನು ಇಳಿದ.

ಕೆಂಗೇರಿಯಲ್ಲಿ ಸ್ಕೂಲಿನ ಗೇಟಿಗೆ ಬೀಗ. ಭಾನುವಾರ. ಮೇಡಂ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ತಮ್ಮನ ಕಡೆ ತಿರುಗಿದರು.

“ದಿನಾ ಇಲ್ಲಿಗೆ ಬರ್ತೀನಿ. ನಾಳೆನೂ ಬರ್ತೀನಿ. ಆ ಗುಜರಿಯವನಿಗೆ ಫೋನ್ ಮಾಡು.”

ತಮ್ಮ ಜೇಬಿಂದ ಒಂದು ಮೊಬೈಲ್ ತೆಗೆದ. “ಹಲೋ, ನೀವು ಹೊರಡ್ರಿ. ಇಲ್ಲ, ಗಾಡಿ ಕೊಡಲ್ಲ. ಹೂಂ, ಟೀ ದುಡ್ಡು ನಾನು ಕೊಡ್ತೀನಿ ಬಿಡ್ರಿ.” ಫೋನ್ ಇಟ್ಟು ನನಗೆ ಹೇಳಿದ, “ಏನಯ್ಯಾ, ನೀರು ಹೊಡೆಸ್ಬಾರ್ದು ಅಂತ ಒಂದು ಬೋರ್ಡು ಬರೆದು ಹಾಕೋದಲ್ವಾ ನೀವು?”

ವಾಪಸ್ ಬರುವಾಗ ಅವನನ್ನು ಮನೆ ಹತ್ತಿರ ಇಳಿಸಿ, ಮೇಡಂ ನನ್ನನ್ನು ಶೆಡ್ಡಿಗೆ ಬಿಟ್ಟರು. ಗೋಡೆಯ ಮೇಲೆ ಗೆರೆ, ಬಟ್ಟಲು ಹಾಗೇ ಇದ್ದವು. ಕಿಟಕಿಯಿಂದಲೇ ಅದನ್ನು ನೋಡಿ ಅಂದರು:

“ನಿಂದು ಕನ್ನಡ ಒಂದೇ ಬಾಕಿನಾ?”

“ಇನ್ನೂ ಎರಡಿದೆ.”

“ಕನ್ನಡ ಕಟ್ಟು. ನಾನು ಹೇಳ್ಕೊಡ್ತೀನಿ.”

“ಕಟ್ಟಲ್ಲ ಮೇಡಂ.”

“ಯಾಕೆ?”

“ಗುರು ಎಷ್ಟು ಅಂತ ಕೇಳಿದ್ರೆ ಹತ್ತು ಅಂತ ಬರೀತೀನಿ. ನೀವು ಮಾರ್ಕ್ಸ್ ಕೊಡ್ತೀರಾ?”

“ಕೊಡಲ್ಲ,” ಅಂದರು ಮೇಡಂ. ಒತ್ತಾಯ ಮಾಡಲಿಲ್ಲ. ಲಿವರ್ ಹಿಂದಕ್ಕೆಳೆದು ‘ಡಿ’ಗೆ ಹಾಕಿ ಹೊರಟರು. ಗಾಡಿ ತಿರುವು ದಾಟುವವರೆಗೆ ನಾನು ಕಿವಿಗೊಟ್ಟು ನಿಂತಿದ್ದೆ. ಎರಡನೇ ಗೇರ್ ಬಿತ್ತು. ಒದೆತ ಇರಲಿಲ್ಲ.